ಹೊಸ ವರ್ಷದ ಒಡಂಬಡಿಕೆ

ಒಡಂಬಡಿಕೆಯ ಆರಾಧನೆ ಮೆಥಡಿಸ್ಟ್ ಕ್ರೈಸ್ತರು ಹೊಸ ವರ್ಷವನ್ನು ಬರಮಾಡಿಕೊಳ್ಳುವ ಕ್ರಮ. 1755ರಲ್ಲಿ ಮೆಥಡಿಸ್ಟ್ ಚಳವಳಿಯ ಸ್ಥಾಪಕ ಜಾನ್ ವೆಸ್ಲಿ ಲಂಡನ್ನಿನಲ್ಲಿ ಇದನ್ನು ಮೊದಲು ನಡೆಸಿದರು. ಮೈಸೂರು ಸೀಮೆಗೆ ಈ ಪರಂಪರೆಯನ್ನು ತಂದದ್ದು ವೆಸ್ಲಿಯನ್ ಮಿಷನ್. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಈ ಮಿಷನ್ನಿನ ಸಭೆಗಳು ಅದರಲ್ಲಿ ಸೇರಿದವು.

ಹೊಸ ವರ್ಷದ ಸಾಮಾನ್ಯ ಸಂಕಲ್ಪ ಮನೋಬಲವನ್ನು ನೆಚ್ಚಿಕೊಂಡಿರುತ್ತದೆ, ಅದು ಕುಗ್ಗಿದೊಡನೆ ಬಿದ್ದುಹೋಗುತ್ತದೆ. ಒಡಂಬಡಿಕೆಯಲ್ಲಿ ವಿಶ್ವಾಸಿ ತನ್ನನ್ನೇ ದೇವರಿಗೆ ಒಪ್ಪಿಸುತ್ತಾನೆ: ಕೆಲಸ ಸಿಕ್ಕರೂ ಸರಿ, ಮೂಲೆಗುಂಪಾದರೂ ಸರಿ. ಇದು ಸುಲಭದ ಮಾತಲ್ಲ; ಇದಕ್ಕೆ ಬೇಕಾದ ಗುಣಗಳು ಮನೋಬಲದಿಂದಲ್ಲ, ಪವಿತ್ರಾತ್ಮನಿಂದ ಬರಬೇಕು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಪ್ರೀತಿ, ಸಂತೋಷ, ಸಮಾಧಾನ ಮೊದಲಾದ ಒಂಬತ್ತು ಗುಣಗಳನ್ನು ಪವಿತ್ರಾತ್ಮನ ಫಲವೆಂದು ಹೆಸರಿಸುತ್ತಾನೆ. ಅವುಗಳಲ್ಲಿ ಹೆಚ್ಚಿನವು ಇತರರ ನಡುವೆಯೇ ಬೆಳೆಯಬೇಕು. ಒಂಟಿಯಾಗಿರುವವನ ತಾಳ್ಮೆಗೆ ಪರೀಕ್ಷೆಯೇ ಇಲ್ಲ.

ಆದ್ದರಿಂದಲೇ ವೆಸ್ಲಿ ಪ್ರಾರ್ಥನೆ, ಸತ್ಯವೇದ ಪಠಣ, ಉಪವಾಸ, ಕರ್ತನ ಭೋಜನಗಳ ಜೊತೆಗೆ ಸುಮಾರು ಹನ್ನೆರಡು ಜನರ ವಾರದ ಕೂಟಗಳನ್ನೂ ಏರ್ಪಡಿಸಿದರು. ಸದಸ್ಯರು ತಮ್ಮ ಬದುಕನ್ನು ಅಲ್ಲಿ ಮುಚ್ಚುಮರೆಯಿಲ್ಲದೆ ತೆರೆದಿಡುತ್ತಿದ್ದರು. ಇಂದಿನ ಸಭೆಗಳಿಗೆ ಅತ್ಯಂತ ಅಗತ್ಯವಾದದ್ದು ಇದೇ. ಒಡಂಬಡಿಕೆ ಮುರಿದವರಿಗೂ ದಾರಿಯುಂಟು: ಪಾಪನಿವೇದನೆ ಮಾಡಿ, ಮರುವರ್ಷ ಅದನ್ನೇ ನವೀಕರಿಸುತ್ತಾರೆ.