ಕಲ್ಲಿನಡಿಯ ಸಾಕ್ಷಿ

"ಎಷ್ಟು ಚೆನ್ನಾಗಿದೆ!" ಎಂದು ನಾನು ಉದ್ಗಾರ ತೆಗೆದಾಗ ಆಕೆ ಮೆಲ್ಲಗೆ ನಕ್ಕರು. "ಚೆನ್ನಾಗಿ ಕಾಣುತ್ತಿದೆ. ಚೆನ್ನಾಗಿದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ" ಎಂದರು.

ನಾವು ನಿಂತದ್ದು ಒಂದು ಪುಟ್ಟ ತೊರೆಯ ದಡದಲ್ಲಿ. ಸೀರೆಯ ನೆರಿಗೆ ಎತ್ತಿ ಹಿಡಿದರೆ ನಾಲ್ಕು ಹೆಜ್ಜೆಗೆ ದಾಟಿಬಿಡಬಹುದಾದಷ್ಟೇ ಅಗಲ. ತಳದ ಒಂದೊಂದು ಕಲ್ಲನ್ನೂ ಎಣಿಸಬಹುದು, ನೀರು ಅಷ್ಟು ತಿಳಿ. ದಡದ ನೆರಳಿನಲ್ಲಿ ಒಂದು ಟ್ರೌಟ್ ಮೀನು ಹರಿವಿಗೆ ಎದುರಾಗಿ, ಬಾಲವನ್ನಷ್ಟೇ ಆಡಿಸುತ್ತಾ ನಿಂತಿತ್ತು. ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡೆ.

2017ರ ಮೇ ತಿಂಗಳು ಅದು. ಮಗಳ ಬಾಣಂತನಕ್ಕೆಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಎಂಬ ಊರಿಗೆ ಹೋಗಿದ್ದೆ. ಪಕ್ಕದ ಮನೆಯಾಕೆಗೆ ಎಪ್ಪತ್ತು ದಾಟಿತ್ತು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಾನೂ ಅದೇ ಕಸುಬಿನವಳಾದ್ದರಿಂದ ಸೀಮೆಸುಣ್ಣದ ಸ್ನೇಹ ಬೇಗ ಬೆಳೆಯಿತು. ಅಲ್ಲಿಯ ವಿಶ್ವವಿದ್ಯಾಲಯವೂ ಸರಕಾರವೂ ಸೇರಿ ನಡೆಸುವ ಸ್ವಯಂಸೇವೆಯ ಕೆಲಸವೊಂದಿದೆ. ಅದರಲ್ಲಿ ಸಾಮಾನ್ಯ ಜನರೇ ತಮ್ಮೂರಿನ ತೊರೆಗಳ ಆರೋಗ್ಯ ನೋಡಿ ಬರೆದಿಡುತ್ತಾರೆ. ಈಕೆಯ ಪಾಲಿಗೆ ಬಂದದ್ದು ಅರ್ಧ ಗಂಟೆ ದೂರದ ಕೂನ್ ವ್ಯಾಲಿ ಕಡೆಯ ಈ ತೊರೆ. ಮಗು ಮಲಗುವ ಹೊತ್ತಿನಲ್ಲಿ ನಾನೂ ಜೊತೆಗೆ ಹೊರಟಿದ್ದೆ.

ಆ ಸೀಮೆಯೇ ವಿಚಿತ್ರ. ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ಹಿಮನದಿಗಳು ಉಜ್ಜಿ ಮಟ್ಟಮಾಡಿದವಂತೆ. ಈ ಮೂಲೆಯೊಂದನ್ನು ಮುಟ್ಟಲಿಲ್ಲ. ಹಾಗಾಗಿ ಇಲ್ಲಿ ಕಡಿದಾದ ಗುಡ್ಡಗಳು, ಅವುಗಳ ನಡುವೆ ಇಕ್ಕಟ್ಟಾದ ಕಣಿವೆಗಳು. ಅಂಥ ಕಣಿವೆಗೆ ಅಲ್ಲಿಯವರು 'ಕೂಲಿ' ಎನ್ನುತ್ತಾರೆ. ನಮ್ಮ ಕೂಲಿಗೂ ಅದಕ್ಕೂ ಸಂಬಂಧವಿಲ್ಲ, ಅದು ಫ್ರೆಂಚ್ ಮೂಲದ ಮಾತು. ಗುಡ್ಡದ ಮೇಲೆ ಬಿದ್ದ ಮಳೆ ಸುಣ್ಣಕಲ್ಲು ಮರಳುಗಲ್ಲುಗಳ ಸಂದಿಯಲ್ಲಿ ಇಳಿದು, ನಿಧಾನವಾಗಿ ತಂಪಾಗಿ, ಬುಡದಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ವರ್ಷದ ಹನ್ನೆರಡು ತಿಂಗಳೂ ಆ ಬುಗ್ಗೆಯ ನೀರು ಹೆಚ್ಚುಕಡಿಮೆ 9-10 ಡಿಗ್ರಿ. ಸುತ್ತೆಲ್ಲ ಹಿಮಗಟ್ಟಿದ ಚಳಿಗಾಲದಲ್ಲೂ ಅದು ಹರಿಯುತ್ತದೆ, ಸುಡುಬಿಸಿಲಲ್ಲೂ ಕಾಲು ಮರಗಟ್ಟಿಸುತ್ತದೆ.

ಟ್ರೌಟ್ ಬದುಕುವುದು ಈ ತಂಪಿನಿಂದ. 20 ಡಿಗ್ರಿ ದಾಟಿತೆಂದರೆ ಅದಕ್ಕೆ ಸಂಕಟ. ತಣ್ಣೀರು ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಇದ್ದರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ನಮ್ಮ ತುಂಗೆಯ ಏಪ್ರಿಲ್ ನೀರಿನಲ್ಲಿ ಈ ಮೀನು ಒಂದು ದಿನವೂ ಬಾಳಲಾರದು. ಅಲ್ಲಿಯ ಮೂಲನಿವಾಸಿಯಾದ ಟ್ರೌಟಿನ ಶಾಸ್ತ್ರೀಯ ಹೆಸರಿಗೆ 'ಬುಗ್ಗೆಯದು' ಎಂದೇ ಅರ್ಥವಂತೆ. ಕಂದು ಟ್ರೌಟ್ ಎಂಬ ಇನ್ನೊಂದರ ಮೊಟ್ಟೆ 1883ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಬಂತು. ಹೊರಗಿನಿಂದ ಬಂದ ಅದೇ ಈಗ ಎಷ್ಟೋ ತೊರೆಗಳಲ್ಲಿ ಯಜಮಾನ.

ಆಕೆ ಚೀಲ ಬಿಚ್ಚಿದರು. ಮೊದಲು ಥರ್ಮಾಮೀಟರು: ನೀರು 11 ಡಿಗ್ರಿ. ಆಮೇಲೆ ತಳದಲ್ಲಿ ಕಪ್ಪುಬಿಳುಪಿನ ಬಿಲ್ಲೆಯಿರುವ 120 ಸೆಂಟಿಮೀಟರ್ ಉದ್ದದ ಕೊಳವೆ. ಅದರ ತುಂಬ ನೀರು ತುಂಬಿ ಮೇಲಿನಿಂದ ಬಗ್ಗಿ ನೋಡಿದರೆ ಬಿಲ್ಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಸೀಸೆಯಲ್ಲಿ ಔಷಧದ ಹನಿ ಹಾಕಿ ಆಮ್ಲಜನಕ ನೋಡಿದರು. ಟ್ರೌಟಿಗೆ ಲೀಟರಿಗೆ 6 ಮಿಲಿಗ್ರಾಮಿಗಿಂತ ಕಡಿಮೆಯಾಗಬಾರದೆಂಬುದು ಅಲ್ಲಿಯ ನಿಯಮ. ಇಲ್ಲಿ ಹತ್ತು ಇತ್ತು.

"ಇನ್ನೇನು, ಪಾಸಾಯಿತಲ್ಲ" ಎಂದೆ.

"ಇದೆಲ್ಲ ನೀರು ಈ ಗಳಿಗೆಯಲ್ಲಿ ಹೇಳುತ್ತಿರುವ ಮಾತು. ಕಳೆದ ತಿಂಗಳು ಒಂದು ರಾತ್ರಿ ಮೇಲಿನಿಂದ ಏನಾದರೂ ಹರಿದುಬಂದು ಹೋಗಿದ್ದರೆ ಇದಕ್ಕೆ ನೆನಪಿರುವುದಿಲ್ಲ. ನೀರು ಆಗಲೇ ಮಿಸಿಸಿಪ್ಪಿ ಸೇರಿಬಿಟ್ಟಿರುತ್ತದೆ" ಎಂದರು.

ಮೀನಿದೆಯಲ್ಲ ಎಂದರೆ ಅದಕ್ಕೂ ತಲೆಯಾಡಿಸಿದರು. ಮೀನಿಗೆ ಈಜಲು ಬರುತ್ತದೆ, ಸಾಕಿಲ್ಲವೆನಿಸಿದರೆ ಬೇರೆಡೆ ಹೋಗುತ್ತದೆ. ಎಷ್ಟೋ ಸಲ ಸರಕಾರದವರೇ ಸಾಕಿದ ಮೀನನ್ನು ಲಾರಿಯಲ್ಲಿ ತಂದು ಬಿಟ್ಟಿರುತ್ತಾರೆ. ನಿನ್ನೆ ಬಂದ ನೆಂಟನನ್ನು ಮನೆಯ ಸಮಾಚಾರ ಕೇಳಿದ ಹಾಗೆ ಅದು.

ಕೇಳಬೇಕಾದವರು ಇರುವುದು ಕಲ್ಲಿನಡಿಯಲ್ಲಿ. ಆಕೆ ಮೊಣಕಾಲುದ್ದದ ಬೂಟು ಹಾಕಿಕೊಂಡು ನೀರಿಗಿಳಿದು, ಒಂದು ಬಲೆ ಊರಿ, ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ ಕೆದಕಿದರು. ಬಲೆಗೆ ಬಂದದ್ದನ್ನು ಬಿಳಿ ತಟ್ಟೆಗೆ ಸುರಿದಾಗ ನನಗೆ ಕಂಡದ್ದು ಕಸಕಡ್ಡಿ. ಕಣ್ಣು ಹೊಂದಿಕೊಂಡ ಮೇಲೆ ಕಸವೆಲ್ಲ ಓಡಾಡತೊಡಗಿತು. ಫ್ರಿಜ್ಜಿನಲ್ಲಿ ಐಸ್ ಮಾಡುವ ತಟ್ಟೆಯ ಗುಳಿಗಳಿಗೆ ಚಮಚದಿಂದ ಒಂದೊಂದು ಜಾತಿಯನ್ನು ಬೇರೆ ಮಾಡುವುದು ನನ್ನ ಪಾಲಿನ ಕೆಲಸವಾಯಿತು. ಅಕ್ಕಿ ಆರಿಸಿದ ಕಣ್ಣಿಗೆ ಅದೇನು ಕಷ್ಟ! ಮರಳಿನ ಕಣಗಳನ್ನು ಅಂಟಿಸಿ ಗೂಡು ಕಟ್ಟಿಕೊಂಡಿರುವುದು ಕ್ಯಾಡಿಸ್ ಹುಳು. ಸಾಮಾನ್ಯವಾಗಿ ಮೂರು ಬಾಲದ್ದು ಮೇಫ್ಲೈ ಮರಿ. ಎರಡೇ ಬಾಲದ್ದು ಸ್ಟೋನ್‌ಫ್ಲೈ, ಅಂದರೆ ಕಲ್ಲುನೊಣದ ಮರಿ. ಸೀಗಡಿಯಂತೆ ಬಾಗಿದ ಸಣ್ಣ ಜೀವಿಗಳು ರಾಶಿ ರಾಶಿ.

ಎಲ್ಲವಕ್ಕೂ ಸಹನೆ ಒಂದೇ ಅಲ್ಲ. ಜಿಗಣೆಯಂಥವು ಕೊಳೆಯಲ್ಲೂ ಬಾಳುತ್ತವೆ. ಕಲ್ಲುನೊಣ ಬಹಳ ಸೂಕ್ಷ್ಮ, ಆಮ್ಲಜನಕ ಇಳಿಯಿತೆಂದರೆ ಮೊದಲು ಇಲ್ಲವಾಗುವುದು ಅದು. ಕೆಲವು ಜಾತಿಯ ಮರಿಗಳು ರೆಕ್ಕೆ ಬರುವ ಮುನ್ನ ಎರಡು ಮೂರು ವರ್ಷ ನೀರಿನಲ್ಲೇ ಇರುತ್ತವೆ. ಅಷ್ಟು ಕಾಲದಲ್ಲಿ ಆ ನೀರಿನಲ್ಲಿ ಏನೇ ಆದರೂ ಅವು ಅದನ್ನು ಉಂಡಿರಬೇಕು, ಎದ್ದು ಹೋಗುವಂತಿಲ್ಲ. ಇಂಥ ಹುಳುಗಳಿಗೆ ಸಹನೆಯ ಅಂಕ ಕೊಟ್ಟು ಹೊಳೆಯ ಆರೋಗ್ಯ ಅಳೆಯುವ ಒಂದು ಕ್ರಮವನ್ನು 1977ರಲ್ಲಿ ಪ್ರಕಟಿಸಿದವರು ಅದೇ ರಾಜ್ಯದ ವಿಲಿಯಂ ಹಿಲ್ಸೆನ್‌ಹಾಫ್ ಎಂಬ ಕೀಟಶಾಸ್ತ್ರಜ್ಞರು. ಆಕೆಯ ಕೈಯಲ್ಲಿದ್ದ ಪಟ್ಟಿ ಅದಕ್ಕಿಂತ ಸರಳವಾದದ್ದು, ನಮ್ಮಂಥವರಿಗಾಗಿ ಮಾಡಿದ್ದು.

ಆ ದಿನ ಎರಡು ಬಾಲದ ಗುಳಿ ಖಾಲಿಯೇ ಉಳಿಯಿತು. ಆಕೆ ಹಿಂದಿನ ವರ್ಷದ ಹಾಳೆ ತೆಗೆದು ನೋಡಿದರು. ಅದೇ ಜಾಗ, ಅದೇ ತಿಂಗಳು, ಆರು ಇದ್ದವು.

ಆ ಖಾಲಿ ಗುಳಿಯನ್ನು ನೋಡುತ್ತ ಕೂತಾಗ ನನಗೆ ನೆನಪಾದದ್ದು 1984ರ ಒಂದು ಮಧ್ಯಾಹ್ನ. ಮೂವತ್ಮೂರು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ.

ತಂಗಿಗೆ ಗಂಡು ನೋಡಲು ಹಾಸನದ ಕಡೆಯ ಒಂದು ಮನೆಗೆ ಅಪ್ಪನ ಜೊತೆ ನಾನೂ ಹೋಗಿದ್ದೆ. ನನಗಾಗಲೇ ಮದುವೆಯಾಗಿತ್ತು, ಹೆಂಗಸರ ಕಡೆಯ ವಿಚಾರಣೆ ನನ್ನದು. ಹೇಗಿತ್ತು ಆ ಮನೆ ಅಂತೀರಿ! ಸಾರಿಸಿದ ಅಂಗಳ, ಎಳೆ ತಪ್ಪದ ರಂಗೋಲಿ, ಕನ್ನಡಿಯಂತೆ ಹೊಳೆವ ತಾಮ್ರದ ಹಂಡೆ. ಯಜಮಾನರು ಮಾತಿಗೊಮ್ಮೆ "ತಾಯಿ" ಎನ್ನುತ್ತಿದ್ದರು. ಕೇಸರಿಬಾತಿಗೆ ಕೈಬಿಟ್ಟು ತುಪ್ಪ ಹಾಕಿದ್ದರು. ಊರಿನಲ್ಲಿ ನಾವು ಕೇಳಿದ ನಾಲ್ಕು ಜನ ದೊಡ್ಡವರೂ ಒಳ್ಳೆಯ ಮನೆತನ ಎಂದೇ ಹೇಳಿದ್ದರು.

ಆ ಮನೆಗೆ ದೊಡ್ಡ ಸೊಸೆಯೊಬ್ಬಳು ಇರಬೇಕಿತ್ತು. ಇರಲಿಲ್ಲ. "ತವರಿಗೆ ಹೋಗಿದ್ದಾಳೆ" ಎಂದರು. ಎಷ್ಟು ದಿನವಾಯಿತೆಂದು ಕೇಳಿದೆ. "ಯುಗಾದಿಗೆ ಹೋದವಳು" ಎಂದರು. ಅದು ಕಾರ್ತಿಕ ಮಾಸ. ಬಾಣಂತನವೂ ಅಲ್ಲ, ಕಾಯಿಲೆಯೂ ಅಲ್ಲ. ಕೈತೊಳೆಯಲು ಹಿತ್ತಿಲಿಗೆ ಹೋದಾಗ ಬಾವಿಕಟ್ಟೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಪಾತ್ರೆ ಉಜ್ಜುತ್ತಿದ್ದಳು. "ನಿಮ್ಮ ದೊಡ್ಡಕ್ಕ ಯಾವಾಗ ಬರ್ತಾರೆ?" ಎಂದು ಕೇಳಿದೆ. ಅವಳು ಹಿಂಬಾಗಿಲ ಕಡೆ ಒಂದು ಸಲ ನೋಡಿ, ತಲೆ ಬಗ್ಗಿಸಿ, ಆಗಲೇ ಬೆಳ್ಳಗಾಗಿದ್ದ ತಪ್ಪಲೆಯನ್ನು ಮತ್ತೆ ಉಜ್ಜತೊಡಗಿದಳು.

ಬಸ್ಸಿನಲ್ಲಿ ಅಪ್ಪ ಕೇಳಿದರು, "ಏನನ್ನಿಸಿತು?" ನಾನೆಂದೆ, "ಚೆನ್ನಾಗಿದ್ದಾರೆ."

ನಾನು ಸುಳ್ಳು ಹೇಳಿದೆನೇ? ಕಂಡದ್ದನ್ನೇ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಯಾರೋ ಇಲ್ಲವೆಂಬುದು ಒಂದು ಸಾಕ್ಷಿಯೇ? ಹೋದವಳಿಗೆ ನೂರು ಕಾರಣವಿರಬಹುದು. ಕೆಲಸದ ಹುಡುಗಿಗೆ ನಾಚಿಕೆ ಇರಬಹುದು. ಪರರ ಮನೆಯ ಕಲ್ಲು ಮಗುಚಲು ನಾನ್ಯಾರು? ಒಳ್ಳೆಯ ಸಂಬಂಧವೊಂದನ್ನು ನನ್ನ ಅನುಮಾನದಿಂದ ಕೆಡಿಸಿದರೆ ಆ ಪಾಪ ಯಾರ ತಲೆಗೆ? ಇವು ಪೊಳ್ಳು ವಾದಗಳಲ್ಲ. ನಿಮ್ಮಲ್ಲಿ ಹಲವರು ಇವನ್ನು ಒಂದಲ್ಲ ಒಂದು ಸಂದರ್ಭದಲ್ಲಿ ಹೇಳಿಕೊಂಡಿರುತ್ತೀರಿ.

ತಂಗಿ ಆ ಮನೆಯಲ್ಲಿ ಹನ್ನೊಂದು ವರ್ಷ ಇದ್ದಳು. ಅಲ್ಲಿ ಏನೇನಾಯಿತೆಂದು ಬರೆಯಲು ಅವಳು ಒಪ್ಪಿಲ್ಲ, ನಾನೂ ಬರೆಯುವುದಿಲ್ಲ. ತಿಂಗಳಿಗೊಂದು ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಪ್ರತಿಯೊಂದರಲ್ಲೂ "ನಾವೆಲ್ಲ ಕ್ಷೇಮ."

ತೊರೆಯ ದಡದಲ್ಲಿ ನಾನು ನನ್ನ ಹಳೆಯ ವಾದವನ್ನೇ ಹುಳದ ಹೆಸರಿನಲ್ಲಿ ಹೂಡಿದೆ. "ರೆಕ್ಕೆ ಬಂದು ಹಾರಿಹೋಗಿರಬಹುದಲ್ಲ?" ಆಕೆ ಒಪ್ಪಿದರು. ಕಲ್ಲುನೊಣಗಳಲ್ಲಿ ಹಿಮ ಕರಗುವ ಮುಂಚೆಯೇ ಹೊರಬರುವ ಜಾತಿಗಳಿವೆ, ಒಂದು ಬಲೆಯಲ್ಲಿ ಸಿಗಲಿಲ್ಲವೆಂದು ತೊರೆ ಕೆಟ್ಟಿತೆನ್ನುವುದು ಅವಸರ ಎಂದರು. ಹಾಳೆಯಲ್ಲಿ ಸೊನ್ನೆ ಬರೆದರು, ತೀರ್ಪು ಬರೆಯಲಿಲ್ಲ. ತಟ್ಟೆಯಲ್ಲಿದ್ದವನ್ನು ನೀರಿಗೆ ಬಿಟ್ಟು, ಕೈಯಿಂದ ಮಗುಚಿದ್ದ ದೊಡ್ಡ ಕಲ್ಲುಗಳನ್ನು ಮೊದಲಿದ್ದ ಮಗ್ಗುಲಿಗೇ ತಿರುಗಿಸಿ ಇಟ್ಟರು. ಕಾರು ಹತ್ತುವಾಗ ಹೇಳಿದರು, "ಹದಿನೈದು ದಿನ ಬಿಟ್ಟು ಮತ್ತೆ ಬರೋಣ. ಆಗ ಮೇಲಕ್ಕೂ ಹೋಗಿ ನೋಡೋಣ."

ಈ ಎರಡನೆಯ ಸಲ ಹೋಗುವುದಿದೆಯಲ್ಲ, ಅದನ್ನೇ ನಾನು ಮಾಡಿರಲಿಲ್ಲ. ಹಾಸನಕ್ಕೆ ಇನ್ನೊಂದು ಬಸ್ಸು ಇತ್ತು. ಆ ದೊಡ್ಡ ಸೊಸೆಯ ತವರು ಯಾವುದೆಂದು ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು.

ದಾರಿಯಲ್ಲಿ ಆಕೆ ಗುಡ್ಡಗಳನ್ನು ತೋರಿಸಿದರು. ಒಂದು ಕಾಲದಲ್ಲಿ ಕಡಿದಾದ ಇಳಿಜಾರನ್ನೂ ಉತ್ತು, ದನ ಮೇಯಿಸಿ, ಮಣ್ಣೆಲ್ಲ ಕೊಚ್ಚಿಹೋಗಿ ಈ ತೊರೆಗಳು ಕೆಸರಾಗಿ ಬೆಚ್ಚಗಾಗಿದ್ದವಂತೆ. ಇಡೀ ಜಲಾನಯನವನ್ನು ಒಂದಾಗಿ ಉಳಿಸುವ ದೇಶದ ಮೊದಲ ಪ್ರಯೋಗ ಇಲ್ಲಿಯೇ, 1933ರಲ್ಲಿ ಶುರುವಾಯಿತು. ಇಳಿಜಾರಿಗೆ ಅಡ್ಡಲಾಗಿ ಪಟ್ಟಿಪಟ್ಟಿಯಾಗಿ ಉತ್ತರು, ಕಾಡಿನಿಂದ ದನಗಳನ್ನು ಹೊರಗಿಟ್ಟರು. ಮಳೆ ಮತ್ತೆ ನೆಲಕ್ಕಿಳಿಯಿತು, ಬುಗ್ಗೆಗಳು ಚೇತರಿಸಿದವು. ಇದರ ಬಗ್ಗೆ ಬರೆದ ಆಲ್ಡೊ ಲಿಯೊಪೋಲ್ಡ್ ಎಂಬವರು ನೆಲಕ್ಕೂ ಆರೋಗ್ಯವೆಂಬುದೊಂದಿದೆ ಎನ್ನುತ್ತಿದ್ದರಂತೆ. ನೀರಿನ ರೋಗಕ್ಕೆ ಗುಡ್ಡದ ಮೇಲೆ ಮದ್ದು ಎಂದು ನಾನು ಅರ್ಥಮಾಡಿಕೊಂಡೆ.

ಜೂನಿನಲ್ಲಿ ಮತ್ತೆ ಹೋದೆವು. ಅದೇ ಜಾಗದಲ್ಲಿ ಮತ್ತೆ ಸೊನ್ನೆ. ದಡ ಹಿಡಿದು ಮೇಲಕ್ಕೆ ನಡೆದೆವು. ಒಂದು ದನದ ಕೊಟ್ಟಿಗೆಯ ಹಿಂದಿನಿಂದ ಸಣ್ಣ ಚರಂಡಿಯೊಂದು ತೊರೆಗೆ ಇಳಿದಿತ್ತು. ಈಗ ಒಣಗಿತ್ತು. ಅದರ ಕೆಳಗೆ ಬಲೆ ಹಾಕಿದರೆ ಎರಡು ಬಾಲದ್ದು ಇಲ್ಲ. ಮೇಲೆ, ಬುಗ್ಗೆಯ ಹತ್ತಿರ, ಮೊದಲ ಬಲೆಗೇ ನಾಲ್ಕು ಸಿಕ್ಕವು. ಗೊಬ್ಬರದ ನೀರು ಹೊಳೆಗೆ ಬಿದ್ದರೆ ಅದು ಕೊಳೆಯುವಾಗ ಆಮ್ಲಜನಕವನ್ನು ಹೀರುತ್ತದೆ, ಅದರಲ್ಲಿನ ಅಮೋನಿಯಾ ವಿಷ. ಮಳೆಗಾಲದ ಒಂದು ರಾತ್ರಿ ಸಾಕು.

ಆಕೆ ಎರಡೂ ತಟ್ಟೆಗಳನ್ನು ಹಿಡಿದು ಗುಡ್ಡ ಹತ್ತಿ ಆ ಮನೆಯ ಕಡೆ ಹೊರಟರು. ರೈತ ಆಕೆಯ ಹಳೆಯ ವಿದ್ಯಾರ್ಥಿ, ಭಾನುವಾರ ಒಂದೇ ಚರ್ಚಿನಲ್ಲಿ ಕೂರುವವರು. "ಏನು ಹೇಳುತ್ತೀರಿ ಅವನಿಗೆ?" ಎಂದು ಗಾಬರಿಯಿಂದ ಕೇಳಿದೆ. "ಹೇಳುವುದೇನು? ತೋರಿಸುತ್ತೇನೆ. ಅವನು ಇವನ್ನು ಯಾವತ್ತೂ ನೋಡಿರುವುದಿಲ್ಲ" ಎಂದರು. ನಾನು ಕಾರಿನಲ್ಲೇ ಕೂತೆ. ಬಹಳ ಹೊತ್ತಿನ ಮೇಲೆ ಇಬ್ಬರೂ ಇಳಿದು ಬಂದರು. ಆ ದೊಡ್ಡ ಆಳು ಮುಖ ಗಂಟಿಕ್ಕಿಕೊಂಡೇ ನೀರಿನ ಅಂಚಿಗೆ ಬಂದು, ಮಂಡಿಯೂರಿ, ಕಲ್ಲೊಂದನ್ನು ಎತ್ತಿ ಅದರ ಅಡಿ ನೋಡಿದ. ಚರಂಡಿಯನ್ನು ಅವನು ಕಟ್ಟಿದನೋ ಇಲ್ಲವೋ ತಿಳಿಯುವ ಮೊದಲೇ ನಾನು ಊರಿಗೆ ಹೊರಟಿದ್ದೆ.

ತಂಗಿ ಈಗ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾಳೆ. ಇದನ್ನು ಬರೆದು ಮುಗಿಸಿದ ಮೇಲೆ ಅವಳಿಗೆ ಓದಿ ಹೇಳಿದೆ. ಬಸ್ಸಿನ ಮಾತು ಬಂದಾಗ ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಎಂದು ಕಾದೆ. ಅವಳು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸದೆ ಕೇಳಿದಳು.

"ಆ ಬಾವಿಕಟ್ಟೆ ಹುಡುಗಿ ಹೆಸರು ಕೇಳಿದ್ಯಾ ಅವತ್ತು?"

ಕೇಳಿರಲಿಲ್ಲ. ತಂಗಿಗೆ ಗೊತ್ತಿತ್ತು. ಹೇಳಿದಳು.