ಲೆಕ್ಕ ನೋಡಿದವನೂ ವೆಚ್ಚ ತೆತ್ತವನೂ

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ನೋಡುವನೆಂದೂ, ಯುದ್ಧಕ್ಕೆ ಹೊರಡುವ ಅರಸನು ತನ್ನ ದಂಡಿನ ಬಲವನ್ನು ಆಲೋಚಿಸುವನೆಂದೂ ನಮ್ಮ ಕರ್ತನು ಹೇಳಿದ ಸಾಮ್ಯವನ್ನು ವಾಚಕರೆಲ್ಲರೂ ಬಲ್ಲರು. ಬಾವಿ ತೋಡಿಸುವ ಒಕ್ಕಲಿಗನೂ ಹಾಗೆಯೇ ಮಾಡುವನಷ್ಟೆ. ಆದರೆ ಲೆಕ್ಕ ನೋಡುವವನು ಒಬ್ಬನು, ವೆಚ್ಚ ತೆರುವವನು ಮತ್ತೊಬ್ಬನು ಆದರೆ ಅದು ನ್ಯಾಯವೋ? ಈ ಪ್ರಶ್ನೆಯನ್ನು ಕುರಿತು ಯೋಚಿಸುವದಕ್ಕೆ 1944ನೆಯ ಇಸವಿ ಜೂನ್ 6ರಂದು ಫ್ರಾನ್ಸ್ ದೇಶದ ನಾರ್ಮಂಡಿ ಕರಾವಳಿಯಲ್ಲಿ ನಡೆದ ಸಂಗತಿಯನ್ನು ತಕ್ಕೊಳ್ಳುವೆವು.

ಆ ದೇಶವು ನಾಲ್ಕು ವರುಷಗಳಿಂದ ಹಿಟ್ಲರನ ಕೈಕೆಳಗೆ ನರಳುತ್ತಿತ್ತು. ಅದನ್ನು ಬಿಡಿಸಬೇಕೆಂದು ಅಮೇರಿಕ, ಇಂಗ್ಲೆಂಡ್, ಕೆನಡ ಮೊದಲಾದ ದೇಶಗಳವರು ಕೂಡಿ ಬಹುಕಾಲ ಸಿದ್ಧತೆ ಮಾಡಿದರು. ಭರತ ಇಳಿತ, ಬೆಳದಿಂಗಳು, ಗಾಳಿ ಎಲ್ಲವನ್ನೂ ಎಣಿಸಿದರು. ದಂಡಿಗೆ ಬೇಕಾದ ಸಾಮಾನು ಇಳಿಸುವದಕ್ಕೆ ಬಂದರವನ್ನೇ ತುಂಡುತುಂಡಾಗಿ ಕಟ್ಟಿ ಕಡಲ ಮೇಲೆ ಎಳಕೊಂಡು ಹೋದರು. ಬಿರುಗಾಳಿಯ ನಿಮಿತ್ತ ಒಂದು ದಿನ ತಡೆದು, ಸುಮಾರು 7,000 ಹಡಗು ದೋಣಿಗಳೊಡನೆ ಹೊರಟರು. ಆ ಒಂದೇ ದಿನದಲ್ಲಿ ಸಮುದ್ರದಿಂದಲೂ ಆಕಾಶದಿಂದಲೂ 1,50,000ಕ್ಕಿಂತ ಹೆಚ್ಚು ಸಿಪಾಯಿಗಳು ಇಳಿದರು. 4,400ಕ್ಕಿಂತ ಹೆಚ್ಚು ಮಂದಿ ಅಂದೇ ಸತ್ತರು.

ಸಿಪಾಯಿಯಾದರೋ ತನ್ನ ಪ್ರಾಣವು ಆ ಲೆಕ್ಕದೊಳಗೆ ಸೇರಿದೆ ಎಂದು ಬಲ್ಲನು. ನಮ್ಮ ಮನಸ್ಸನ್ನು ಇರಿಯುವದು ಮತ್ತೊಂದು. ಶತ್ರುವಿನ ದಂಡು ಬೇಗನೆ ತೀರಕ್ಕೆ ಬಾರದಂತೆ ಫ್ರಾನ್ಸಿನ ರೈಲುದಾರಿಗಳನ್ನೂ ನಿಲ್ದಾಣಗಳನ್ನೂ ಮೊದಲೇ ಬಾಂಬುಗಳಿಂದ ಕೆಡಿಸಬೇಕೆಂದು ಸೇನಾಪತಿಗಳು ಗೊತ್ತುಮಾಡಿದರು. ನಿಲ್ದಾಣದ ಬಳಿಯಲ್ಲಿ ಮನೆಗಳಿರುವವಲ್ಲವೇ? ಯಾರನ್ನು ಬಿಡಿಸುವದಕ್ಕೆ ಹೋಗುತ್ತಿದ್ದರೋ ಅವರನ್ನೇ ಕೊಲ್ಲಬೇಕಾಗಿ ಬಂತು. ಇಂಗ್ಲೆಂಡಿನ ಪ್ರಧಾನಮಂತ್ರಿ ಚರ್ಚಿಲರು ಕಳವಳಪಟ್ಟು, ಸಾಯುವವರ ಸಂಖ್ಯೆಯು 10,000ವನ್ನು ಮೀರಬಾರದೆಂದು ಮೇರೆಯಿಡಲು ನೋಡಿ, ಮೇ ತಿಂಗಳಲ್ಲಿ ಅಮೇರಿಕದ ಅಧ್ಯಕ್ಷರಾದ ರೂಸ್ವೆಲ್ಟರಿಗೆ ಬರೆದರು. ಸೇನಾಪತಿಗಳ ಕೈಯನ್ನು ತಾನು ಕಟ್ಟಲಾರೆನೆಂಬದೇ ಅವರ ಉತ್ತರದ ತಾತ್ಪರ್ಯವಾಗಿತ್ತು. ಆ ಬೇಸಿಗೆಯ ಕಾದಾಟದಲ್ಲಿ ನಾರ್ಮಂಡಿ ಸೀಮೆಯೊಂದರಲ್ಲೇ ಸುಮಾರು 20,000 ಊರಜನರು ಸತ್ತರು.

ದಂಡು ಇಳಿಯಬಾರದಿತ್ತೆಂದು ಹೇಳುವ ಧೈರ್ಯ ನಮಗಿಲ್ಲ. ಹಿಟ್ಲರನ ಸೆರೆಮನೆಗಳಲ್ಲಿ ದಿನದಿನವೂ ಸಾಯುತ್ತಿದ್ದವರು ಬಿಡುಗಡೆಗಾಗಿ ಕಾದಿದ್ದರು. ಆದರೆ ಅವಶ್ಯವಾದದ್ದರಲ್ಲಿ ಪಾಪವಿಲ್ಲವೆಂದು ಕೆಲವರು ಹೇಳುವ ಮಾತನ್ನು ನಾವು ಒಪ್ಪಲಾರೆವು. ದಾವೀದನು ತನ್ನ ಜನರಿಗೋಸ್ಕರವೇ ಯುದ್ಧಮಾಡಿದನು, ದೇವರೇ ಅವನಿಗೆ ಜಯ ಕೊಟ್ಟನು. ಆದರೂ ಬಹಳ ರಕ್ತ ಸುರಿಸಿದ ಕೈಗಳಿಂದ ತನಗೆ ಆಲಯ ಕಟ್ಟಕೂಡದೆಂದು ಅದೇ ದೇವರು ತಡೆದನು. ಬೇಕಾಗಿದ್ದದ್ದು ಒಂದು, ನಿರ್ದೋಷವಾದದ್ದು ಮತ್ತೊಂದು.

ಸೇನಾಧಿಪತಿ ಐಸೆನ್‌ಹೋವರರು ಮುಂಚಿತವಾಗಿ ಒಂದು ಚಿಕ್ಕ ಚೀಟಿಯನ್ನು ಬರೆದಿಟ್ಟಿದ್ದರು. ಕಾರ್ಯವು ಕೆಟ್ಟರೆ ಸಿಪಾಯಿಗಳ ಮೇಲೆ ತಪ್ಪಿಲ್ಲ, ತನ್ನೊಬ್ಬನ ಮೇಲೆಯೇ ಎಂಬದು ಅದರ ಅರ್ಥ. ಇಂಥ ಗುಣವು ಅಧಿಕಾರಿಗಳಲ್ಲಿ ಅಪರೂಪ. ನಮ್ಮ ಸಭಾಪಂಚಾಯತಿಗಳಲ್ಲಿಯೂ ಅಪರೂಪವೇ. ಜಯವಾದದ್ದರಿಂದ ಚೀಟಿಯು ಬೇಕಾಗಲಿಲ್ಲ. ಆದರೆ ಅದು ಹೊತ್ತದ್ದು ಸೋಲಿನ ತಪ್ಪನ್ನು ಮಾತ್ರ. ಗೆಲುವಿನ ವೆಚ್ಚವನ್ನು ಕುರಿತು ಅದರಲ್ಲಿ ಒಂದು ಮಾತೂ ಇಲ್ಲ.

ಆ ದಿನಗಳಲ್ಲಿ ಕಾನ್ ಎಂಬ ಪಟ್ಟಣವು ಸುಡುತ್ತಿರಲು, ಸಾವಿರಾರು ಜನರು ಅಲ್ಲಿಯ ಪುರಾತನವಾದ ಸಂತ ಎತಿಯೆನನ ದೇವಾಲಯದೊಳಗೆ ಆಶ್ರಯ ಹೊಂದಿದರು. ಮೇಲೆ ಹಾರುವವರ ಕಣ್ಣಿಗೆ ಬೀಳಲೆಂದು ಕೆಂಪು ಶಿಲುಬೆಯ ಗುರುತನ್ನು ಇಟ್ಟು, ಹೆಂಗಸರೂ ಮಕ್ಕಳೂ ಮುದುಕರೂ ಆ ಕಲ್ಲುಗಳ ಮೇಲೆ ಮಲಗಿ, ತಮ್ಮನ್ನು ಬಿಡಿಸಲು ಬರುವವರ ವಿಮಾನಗಳ ಸದ್ದನ್ನು ಕೇಳುತ್ತಿದ್ದರು.