ಬೆಲೆಯೆಷ್ಟು? ಬಾಳುವುದೆಷ್ಟು?

ಕನ್ನಡದ ‘ಬೆಲೆ’ ಮತ್ತು ಮಲಯಾಳದ ‘ವಿಲ’ ಒಂದೇ ಬೇರಿನ ಮಾತುಗಳು. ಎರಡು ಭಾಷೆಗಳಲ್ಲೂ ಈ ಮಾತು ಅಂಗಡಿಯ ಹೊಸಿಲು ದಾಟಿ ಹೊರಗೆ ಬಂದಿದೆ. ‘ಅವನ ಮಾತಿಗೆ ಬೆಲೆಯಿಲ್ಲ’ ಎಂದು ನಾವು ಹೇಳಿದರೆ, ‘ವಾಕ್ಕಿನ್ ವಿಲಯಿಲ್ಲ’ ಎಂದು ನೆರೆಮನೆಯವರು ಹೇಳುತ್ತಾರೆ. ವಸ್ತುವಿಗೆ ತೆರುವ ಹಣಕ್ಕೂ ಮನುಷ್ಯನಿಗೆ ಸಲ್ಲುವ ಗೌರವಕ್ಕೂ ಒಂದೇ ಶಬ್ದವಿರುವುದು ಅನುಕೂಲವೂ ಹೌದು, ಅಪಾಯವೂ ಹೌದು. ಹೆಚ್ಚು ಬೆಲೆಯದ್ದು ಹೆಚ್ಚು ಬೆಲೆಬಾಳುತ್ತದೆ ಎಂಬ ನಂಬಿಕೆ ಈ ಶಬ್ದದೊಳಗೇ ಅಡಗಿ ಕುಳಿತಿದೆ.

ಈ ನಂಬಿಕೆಯನ್ನು ಪರೀಕ್ಷಿಸಲು ಜಗತ್ಪ್ರಸಿದ್ಧ ವೈನುಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ. ಅಕ್ಕಿಯ ದರ ಏರಿದರೆ ಹಸಿವಿನ ಒತ್ತಾಯವಿರುತ್ತದೆ, ಔಷಧಿಯ ದರ ಏರಿದರೆ ರೋಗದ ಒತ್ತಾಯವಿರುತ್ತದೆ. ಒಂದು ಕುಪ್ಪಿ ದ್ರಾಕ್ಷಾರಸಕ್ಕೆ ಲಕ್ಷಗಟ್ಟಲೆ ಸುರಿಯುವವನಿಗೆ ಅಂಥ ಒತ್ತಾಯ ಯಾವುದೂ ಇಲ್ಲ. ನಾನು ಅಂಥ ಕುಪ್ಪಿಯನ್ನು ರುಚಿನೋಡಿದವನಲ್ಲ. ಆದರೆ ಪ್ರಶ್ನೆ ನಾಲಗೆಯೊಂದಕ್ಕೇ ಸೇರಿದ್ದಲ್ಲವಾದ್ದರಿಂದ ವಿಚಾರಿಸಲು ಅಡ್ಡಿಯಿಲ್ಲ.

ಮೊದಲು ಗಮನಿಸಬೇಕಾದ ವರ್ಷ 1855. ಆ ವರ್ಷದ ಪ್ಯಾರಿಸ್ ಮಹಾಪ್ರದರ್ಶನಕ್ಕಾಗಿ ಬೋರ್ಡೋ ಪ್ರಾಂತದ ವೈನುಗಳ ತರತಮದ ಪಟ್ಟಿಯೊಂದು ಬೇಕಾಯಿತು. ಅದನ್ನು ಸಿದ್ಧಪಡಿಸಿದವರು ಅಲ್ಲಿನ ದಲ್ಲಾಳಿಗಳು. ಯಾವ ತೋಟದ ವೈನು ಬಹುಕಾಲದಿಂದ ಯಾವ ದರಕ್ಕೆ ಮಾರಾಟವಾಗಿದೆ ಎಂಬುದನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಅವರು ಕೆಂಪು ವೈನುಗಳಲ್ಲಿ ಐದು ದರ್ಜೆಗಳನ್ನು ಮಾಡಿದರು. ಲಾಫಿತ್, ಲಾತೂರ್, ಮಾರ್ಗೋ, ಓ-ಬ್ರಿಯೋನ್ ಮೊದಲ ದರ್ಜೆಗೆ ಏರಿದವು. ಆ ಸಾಲಿಗೆ ಬಡ್ತಿ ಪಡೆದು ಬಂದದ್ದು ಒಂದೇ, 1973ರಲ್ಲಿ ಮೂತೋನ್ ರೋಥ್‌ಶೀಲ್ಡ್. ಹೀಗೆ ಬೆಲೆಯಿಂದ ದರ್ಜೆ ಹುಟ್ಟಿತು, ಆಮೇಲೆ ದರ್ಜೆಯಿಂದಲೇ ಬೆಲೆ ಹುಟ್ಟತೊಡಗಿತು. ಇದಕ್ಕೂ ಮೊದಲೇ, 1776ರಲ್ಲಿ, ಆಡಂ ಸ್ಮಿತ್ ಇಂಥ ದ್ರಾಕ್ಷಿತೋಟಗಳ ವಿಷಯ ಬರೆದಿದ್ದ. ಅವುಗಳ ಆರೈಕೆ ಉಳಿದವಕ್ಕಿಂತ ಹೆಚ್ಚು ಎಂಬುದನ್ನು ಅವನು ಒಪ್ಪುತ್ತಾನೆ. ಆದರೆ ಆ ಆರೈಕೆ ಹೆಚ್ಚಿನ ಬೆಲೆಗೆ ಕಾರಣವೆನ್ನುವುದಕ್ಕಿಂತ ಅದರ ಫಲವೆನ್ನುವುದೇ ಸರಿಯೆಂದು ಅವನ ಅಭಿಪ್ರಾಯ.

ಹಾಗೆಂದು ಎಲ್ಲವೂ ಬರಿಯ ಹೊಗೆಯೆಂದು ತಳ್ಳಿಹಾಕುವುದು ಅನ್ಯಾಯ. ಬರ್ಗಂಡಿಯ ರೊಮಾನೆ-ಕೋಂತಿ ತೋಟದ ವಿಸ್ತಾರ ಸುಮಾರು 1.8 ಹೆಕ್ಟೇರು, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಎಕರೆ. ವರ್ಷಕ್ಕೆ ಕೆಲವೇ ಸಾವಿರ ಕುಪ್ಪಿ. ಜಗತ್ತೆಲ್ಲ ಕೇಳಿದರೂ ತೋಟ ಒಂದು ಗೇಣು ಹಿಗ್ಗುವುದಿಲ್ಲ. ಇನ್ನು ಆಸ್ಟ್ರೇಲಿಯಾದ ‘ಗ್ರೇಂಜ್’ ಕಥೆ ಕೇಳಿ. ಪೆನ್‌ಫೋಲ್ಡ್ಸ್ ಸಂಸ್ಥೆಯ ಮ್ಯಾಕ್ಸ್ ಶೂಬರ್ಟ್ 1950ರಲ್ಲಿ ಯುರೋಪಿಗೆ ಹೋಗಿ, ದಶಕಗಟ್ಟಲೆ ಕೆಡದೆ ಪಕ್ವವಾಗುವ ಬೋರ್ಡೋ ವೈನುಗಳನ್ನು ಕಂಡು ಬಂದು, 1951ರಲ್ಲಿ ಶಿರಾಜ್ ದ್ರಾಕ್ಷಿಯಿಂದ ತನ್ನ ಪ್ರಯೋಗ ಆರಂಭಿಸಿದ. ಬಲ್ಲವರೆನಿಸಿಕೊಂಡವರು ಕುಡಿದು ಮುಖ ಸಿಂಡರಿಸಿದರು. 1957ರಲ್ಲಿ ಇದನ್ನು ನಿಲ್ಲಿಸಬೇಕೆಂದು ಮೇಲಿನಿಂದ ಆಜ್ಞೆಯಾಯಿತು. ಆತ 1959ರ ವರೆಗೂ ಗುಟ್ಟಾಗಿ ಮಾಡುತ್ತ ಹೋದ. ಅಷ್ಟರಲ್ಲಿ ಮೊದಲಿನ ಕುಪ್ಪಿಗಳು ಹದಕ್ಕೆ ಬಂದಿದ್ದವು. ರುಚಿ ನೋಡಿದವರ ಮನಸ್ಸು ತಿರುಗಿ, 1960ರಲ್ಲಿ ಅನುಮತಿ ಮರಳಿ ಬಂತು. ಈಚಿನ ವರ್ಷಗಳಲ್ಲಿ ಹೊಸ ಗ್ರೇಂಜ್ ಕುಪ್ಪಿಗೆ ಸಾವಿರ ಆಸ್ಟ್ರೇಲಿಯನ್ ಡಾಲರಿನ ಆಸುಪಾಸಿನ ದರವಿದೆ. ಯಾರೂ ಕೇಳದಿದ್ದ ಕಾಲದಲ್ಲೂ ಆ ವೈನಿನ ಮೌಲ್ಯ ಅದರೊಳಗೇ ಇತ್ತು. ಬೆಲೆ ತಡವಾಗಿ ಬಂದು ಅದನ್ನು ಗುರುತಿಸಿತು, ಅಷ್ಟೆ.

ಹಾಗಾದರೆ ದುಬಾರಿಯದ್ದು ರುಚಿಯಲ್ಲೂ ಮೇಲೇ? 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಆಂಗ್ಲ ವ್ಯಾಪಾರಿ ಫ್ರೆಂಚ್ ಪರಿಣತರ ಮುಂದೆ ಹೆಸರು ಮರೆಮಾಡಿದ ಕುಪ್ಪಿಗಳನ್ನಿಟ್ಟ. ಬಿಳಿಯದರಲ್ಲೂ ಕೆಂಪಿನಲ್ಲೂ ಮೊದಲ ಸ್ಥಾನ ಸಿಕ್ಕಿದ್ದು ಆಗ ಅಷ್ಟಾಗಿ ಹೆಸರಿಲ್ಲದ ಕ್ಯಾಲಿಫೋರ್ನಿಯಾ ವೈನುಗಳಿಗೆ. 2008ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. 90 ಡಾಲರಿನ ವೈನನ್ನು ಒಮ್ಮೆ ನಿಜಬೆಲೆ ಹೇಳಿ, ಇನ್ನೊಮ್ಮೆ 10 ಡಾಲರಿನದೆಂದು ಹೇಳಿ ಕುಡಿಸಿದರು. ಬೆಲೆ ಹೆಚ್ಚೆಂದಾಗ ಕುಡಿದವರು ಹೆಚ್ಚು ಮೆಚ್ಚಿದರು. ಅಷ್ಟೇ ಅಲ್ಲ, ಅವರ ಮಿದುಳಿನಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಭಾಗವೂ ಹೆಚ್ಚು ಚುರುಕಾಯಿತು. ಅಂದರೆ ಅವರು ಸುಳ್ಳು ಹೇಳುತ್ತಿರಲಿಲ್ಲ.

ಇದನ್ನು ಕೇಳಿ ನಗುವವರುಂಟು. ನನಗೆ ನಗು ಬರುವುದಿಲ್ಲ. ತೆಯ್ಯದ ಕೈಯಿಂದ ಬಂದ ಒಂದು ಚಿಟಿಕೆ ಮಂಜಳ್‌ಕುರಿಗೂ ಅಂಗಡಿಯ ಅರಸಿನಪುಡಿಗೂ ವಸ್ತುವಿನಲ್ಲಿ ಭೇದವಿಲ್ಲ. ಆದರೂ ಎರಡೂ ಒಂದೇ ಎಂದು ಯಾರೂ ಹೇಳುವುದಿಲ್ಲ. ಒಂದು ವಸ್ತು ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂಬ ತಿಳಿವು ಅನುಭವದೊಳಗೆ ಸೇರುವುದು ತಪ್ಪಲ್ಲ. ವೈನಿನ ವಿಷಯದಲ್ಲಿ ಇದನ್ನು ತೋರಿಸಿಕೊಟ್ಟದ್ದು ಒಂದು ಮೋಸದ ಪ್ರಕರಣ. 2008ರಲ್ಲಿ ನ್ಯೂಯಾರ್ಕಿನ ಹರಾಜಿಗೆ ಬರ್ಗಂಡಿಯ ಪೋನ್ಸೋ ಮನೆತನದ ಹೆಸರಿನಲ್ಲಿ ‘ಕ್ಲೋ ಸಾಂ-ದೆನಿ’ಯ ಹಳೆಯ ಕುಪ್ಪಿಗಳು ಬಂದವು. ಅವುಗಳ ಮೇಲಿದ್ದದ್ದು 1945ರಿಂದ 1971ರ ವರೆಗಿನ ವರ್ಷಗಳು. ಆ ಮನೆತನ ಆ ವೈನನ್ನು ಮಾಡತೊಡಗಿದ್ದೇ 1980ರ ದಶಕದಲ್ಲಿ! ಕುಪ್ಪಿಗಳ ಮೂಲ ರೂಡಿ ಕುರ್ನಿಯವಾನ್ ಎಂಬಾತ. ಬೇರೆ ವೈನುಗಳನ್ನು ಬೆರೆಸಿ, ಹಳೆಯ ಚೀಟಿ ಅಂಟಿಸಿ, ಶ್ರೀಮಂತರಿಗೆ ಮಾರಿದವನು. 2013ರಲ್ಲಿ ಅಪರಾಧ ಸಾಬೀತಾಗಿ, 2014ರಲ್ಲಿ ಹತ್ತು ವರ್ಷದ ಶಿಕ್ಷೆಯಾಯಿತು. ಅವನ ವೈನು ಕುಡಿದ ಬಲ್ಲವರು ಹೊಗಳಿದ್ದುಂಟು. ಬೆಲೆ ರುಚಿಗೆ ಮಾತ್ರವಾಗಿದ್ದರೆ ಅವರಿಗೆ ನಷ್ಟವೇನೂ ಆಗಿರಲಿಲ್ಲ. ಆದರೂ ಅವರಿಗೆ ಮೋಸವಾಗಿತ್ತು. ಅವರು ತೆತ್ತದ್ದು ಒಂದು ಸತ್ಯಕ್ಕೆ, ಇಂಥ ಮಣ್ಣಿನದು, ಇಂಥ ವರ್ಷದ್ದು ಎಂಬ ಸತ್ಯಕ್ಕೆ.

ಇದು ದುಬಾರಿ ವೈನಿನ ಪರವಾಗಿ ಹೇಳಬಹುದಾದ ಅತ್ಯುತ್ತಮ ವಾದವೆಂದು ನನ್ನ ಭಾವನೆ. ಆದರೆ ಇದೇ ವಾದ ಬೆಲೆಗೆ ಎಲ್ಲೆಯನ್ನೂ ಗೆರೆಯೆಳೆದು ತೋರಿಸುತ್ತದೆ. ಯುದ್ಧ ಮುಗಿದ 1945ರಲ್ಲಿ ರೊಮಾನೆ-ಕೋಂತಿ ತೋಟದಲ್ಲಿ ಆದದ್ದು ಸುಮಾರು 600 ಕುಪ್ಪಿ. ಬಳಿಕ ಹಳೆಯ ಬಳ್ಳಿಗಳನ್ನು ಕಿತ್ತು ಹೊಸದು ನೆಟ್ಟರು. ಅದರ ಒಂದು ಕುಪ್ಪಿ 2018ರ ನ್ಯೂಯಾರ್ಕ್ ಹರಾಜಿನಲ್ಲಿ 5,58,000 ಡಾಲರಿಗೆ, ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು ನಾಲ್ಕು ಕೋಟಿ ರೂಪಾಯಿಗೆ ಹೋಯಿತು. ಕುಪ್ಪಿಯಲ್ಲಿ ಐದಾರು ಲೋಟ ವೈನಿದ್ದೀತು. ಇನ್ನು ಅದನ್ನು ತೆರೆಯುವ ಧೈರ್ಯ ಯಾರಿಗೆ ಬಂದೀತು? ತೆರೆಯಲಾಗದ ವೈನು ಉಗ್ರಾಣದಲ್ಲಿ ಒಡೆಯನನ್ನು ಬದಲಿಸುತ್ತ ಕೂರುವ ಹುಂಡಿಯಾಗುತ್ತದೆ. ಆಗ ಕೊಳ್ಳುವವನು ಕೊಡುವುದು ಮಣ್ಣಿಗೂ ಅಲ್ಲ, ಕಾಲಕ್ಕೂ ಅಲ್ಲ. ನಾಳೆ ಇನ್ನೊಬ್ಬನು ಇನ್ನೂ ಹೆಚ್ಚು ಕೊಟ್ಟಾನು ಎಂಬ ಆಸೆಗೆ. 2022ರ ಕೊನೆಯಿಂದ ಇಂಥ ವೈನುಗಳ ಮಾರುಕಟ್ಟೆ ಕುಸಿಯಿತು. ಕುಪ್ಪಿಯೊಳಗಿನ ರಸವೇನೂ ಕೆಟ್ಟಿರಲಿಲ್ಲ, ಇಳಿದದ್ದು ಆ ಆಸೆ ಮಾತ್ರ.

ಶ್ರೀಮಂತರ ಹುಚ್ಚು, ನಮಗೇನು ಎಂದು ಸುಮ್ಮನಿರಬಹುದಿತ್ತು. ಆದರೆ ಏರಿದ ಬೆಲೆ ಕುಪ್ಪಿಯಿಂದ ಮಣ್ಣಿಗೆ ಇಳಿಯುತ್ತದೆ. ಬರ್ಗಂಡಿಯ ಶ್ರೇಷ್ಠ ತೋಟಗಳ ಒಂದು ಹೆಕ್ಟೇರಿನ ದರ ಹಲವು ದಶಲಕ್ಷ ಯೂರೋಗಳಿಗೆ ಏರಿದೆ. ಅಪ್ಪ ಸತ್ತರೆ ಮಕ್ಕಳು ತೆರಿಗೆ ಕಟ್ಟಬೇಕು, ಬೇರೆ ಕಸುಬು ಹಿಡಿದ ಒಡಹುಟ್ಟಿದವರ ಪಾಲು ಕೊಡಬೇಕು. ಎರಡೂ ಈ ಹೊಸ ದರದ ಮೇಲೆ. ವೈನು ಮಾರಿ ಬಂದ ಹಣದಲ್ಲಿ ಅದು ಪೂರೈಸುವುದು ಕಷ್ಟ. ಕೋಟ್ಯಧೀಶ ಸಂಸ್ಥೆಗಳು ಬಾಗಿಲಲ್ಲಿ ಕಾದಿರುತ್ತವೆ. 1932ರಿಂದ ಒಂದೇ ಕುಟುಂಬದ ಕೈಯಲ್ಲಿದ್ದ ಏಳೂವರೆ ಹೆಕ್ಟೇರಿನ ‘ಕ್ಲೋ ದ ತಾರ್’ 2017ರಲ್ಲಿ ಫ್ರಾಂಸ್ವಾ ಪೀನೋ ಅವರ ಬಳಗಕ್ಕೆ ಸೇರಿತು. ಹೊಸ ಒಡೆಯರು ತೋಟವನ್ನು ಚೆನ್ನಾಗಿಯೇ ನೋಡಿಕೊಳ್ಳಬಹುದು. ಆದರೆ ಮಣ್ಣಿನ ಜೊತೆಗೆ ತಲೆಮಾರುಗಳ ನಂಟನ್ನೂ ಕೊಳ್ಳುತ್ತೇನೆಂದು ನಂಬಿ ಹಣ ಸುರಿಯುವವನು, ಆ ಹಣದಿಂದಲೇ ಅಂಥ ನಂಟಿನ ಗಂಟನ್ನು ಸಡಿಲಿಸುತ್ತಿರುತ್ತಾನೆ.

ಆದ್ದರಿಂದ ನನ್ನ ಉತ್ತರ ಇಷ್ಟು. ಅಪರೂಪದ ವೈನಿಗೆ ಸಾಮಾನ್ಯ ವೈನಿನ ಹತ್ತು ಪಟ್ಟು ಕೊಡುವವನನ್ನು ನಾನು ಮೂರ್ಖನೆನ್ನಲಾರೆ. ಶೂಬರ್ಟನಂಥವರ ಹಟಕ್ಕೆ, ಇಪ್ಪತ್ತು ಮೂವತ್ತು ವರ್ಷಗಳ ಕಾಯುವಿಕೆಗೆ ಅಷ್ಟು ಸಲ್ಲಲೇಬೇಕು. ಅದಕ್ಕಿಂತಲೂ ಮೇಲೆ ಎಲ್ಲಿಯ ವರೆಗೆ ಎಂದು ಕೇಳಿದರೆ ಅಂಕೆ ಹೇಳಲಾರೆ, ಅಳತೆ ಹೇಳಬಲ್ಲೆ. ಕೊಂಡವನು ಅದನ್ನು ನಾಲ್ವರು ಸ್ನೇಹಿತರ ನಡುವೆ ತೆರೆದು, ಯಾವ ಊರಿನ ಮಳೆಬಿಸಿಲು ಇದು ಎಂದು ಮಾತಾಡುತ್ತ ಮುಗಿಸಬಲ್ಲನಾದರೆ ಅವನು ಕೊಟ್ಟ ಬೆಲೆ ನ್ಯಾಯವಾದದ್ದು. ಬೆಲೆಯ ಭಯದಿಂದ ಬಿರಡೆ ತೆಗೆಯಲು ಅವನ ಕೈ ಹಿಂಜರಿದರೆ, ಅಲ್ಲಿಂದ ಮುಂದಿನ ಒಂದೊಂದು ಡಾಲರೂ ವೈನಿಗೆ ಸಂದದ್ದಲ್ಲ.